ಹಳದಿ ಸೀರಂ, ಕೆಂಪು ಷರಾ

ದೊಡ್ಡ ಡಾಕ್ಟರು ನನ್ನ ಮೇಜಿನ ಮೇಲಿಟ್ಟು ಹೋದ ಚೀಟಿಯನ್ನು ಎರಡೆರಡು ಸಲ ಓದಿದೆ. ಅದರಲ್ಲಿದ್ದದ್ದು ಒಂದೇ ನಂಬರು, ನೂರಾ ನಲವತ್ತೇಳು. ರಿಜಿಸ್ಟರಿನಲ್ಲಿ ಅದರ ಮುಂದೆ, ಷರಾ ಕಾಲಮ್ಮಿನಲ್ಲಿ, ‘ಕೆಂಪು’ ಅಂತ ಬರೆಯಬೇಕಂತೆ.

ನಮ್ಮ ಲ್ಯಾಬಿನಲ್ಲಿ ಕೆಂಪು ಅಂದರೆ ಕೆಟ್ಟ ಸ್ಯಾಂಪಲ್ಲು. ರಕ್ತವನ್ನು ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿದರೆ ಮೇಲೆ ಹಳದಿ ಸೀರಂ ನಿಲ್ಲುತ್ತದೆ. ಸೂಜಿಯಲ್ಲಿ ಒರಟಾಗಿ ಎಳೆದಿದ್ದರೆ ರಕ್ತಕಣ ಒಡೆದು ಅದು ಕೆಂಪಾಗುತ್ತದೆ, ಅಂಥದ್ದನ್ನು ಕೈಬಿಡುತ್ತೇವೆ. ಸಕ್ಕರೆ ಕಾಯಿಲೆಯವರಲ್ಲಿ ಯಾರ ಕಿಡ್ನಿ ಬೇಗ ಕೈಕೊಡುತ್ತದೆ ಎಂದು ಮುಂಚೆಯೇ ಹೇಳುವ ಹೊಸ ರಕ್ತಪರೀಕ್ಷೆಯ ಸಂಶೋಧನೆ ನಮ್ಮದು.

ನೂರಾ ನಲವತ್ತೇಳು ನನ್ನ ಭಾವ. ಅವರನ್ನು ಹೊಲಿಗೆ ಅಂಗಡಿಯಿಂದ ನಾನೇ ಎಳೆದುಕೊಂಡು ಬಂದು, ನಾನೇ ಸೂಜಿ ಚುಚ್ಚಿದ್ದೆ. “ಅಳತೆ ಸರಿಯಾಗಿ ತಗೊಳಮ್ಮ, ಆಮೇಲೆ ಬಿಗಿ ಆಯ್ತು ಅನ್ಬೇಡ,” ಎಂದು ನಗಿಸಿದ್ದರು. ಸೀರಂ ಎಣ್ಣೆಯ ಹಾಗೆ ತಿಳಿ ಹಳದಿಯಾಗಿತ್ತು.

ಚೀಟಿ ಹಿಡಿದು ಡಾಕ್ಟರ ಕೋಣೆಗೆ ಹೋದೆ.

“ಸಾರ್, ಇದು ಕೆಂಪಾಗಿರ್ಲಿಲ್ಲ.”

ಅವರು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು. “ಮಾಮೂಲಿ ಟೆಸ್ಟೆಲ್ಲ ಚೆನ್ನಾಗಿದೆ, ನಮ್ಮ ಟೆಸ್ಟಲ್ಲಿ ಮಾತ್ರ ವಿಪರೀತ ಜಾಸ್ತಿ. ಇಂಥವು ಸೇರಿದ್ರೆ ನಮ್ಮ ಪರೀಕ್ಷೆನೇ ತಪ್ಪು ಅಂತಾರೆ.”

“ಮಾಮೂಲಿ ಟೆಸ್ಟಿಗಿಂತ ಮುಂಚೆ ಇದು ಹೇಳ್ಲಿ ಅಂತಾನೇ ಅಲ್ವಾ ಸಾರ್ ಇಷ್ಟೆಲ್ಲ ಮಾಡ್ತಿರೋದು?”

“ಹತ್ತು ಸಲ ಬಾಯಿ ಮುಚ್ಕೊಂಡು ಬರೆದ್ರಲ್ಲ. ಹನ್ನೊಂದನೇದಕ್ಕೆ ಏನ್ ಬಂತು ನಿಮ್ಗೆ?”

ಥೂ! ಆ ಮುಖಕ್ಕೆ ಉಗಿಯಬೇಕೆನ್ನಿಸಿತು. ಆದರೆ ಅವರು ಹೇಳಿದ್ದು ನಿಜ. ರಿಜಿಸ್ಟರಿನಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿ ಹತ್ತು ‘ಕೆಂಪು’ ಇದ್ದವು, ಅವುಗಳಲ್ಲಿ ಒಂದೂ ಕೆಂಪಾಗಿರಲಿಲ್ಲ. ಇಲ್ಲದ ಉಸಾಬರಿ ನನಗ್ಯಾಕೆ ಅಂದುಕೊಂಡು ಬರೆದಿದ್ದೆ, ಆಮೇಲೆ ಕೈ ತೊಳೆದು ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ಉಂಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. “ನಾಳೆ ಅಂಗಡಿ ಬಾಗಿಲು ಹಾಕ್ಸು. ಭಾವನ್ನ ಕಿಡ್ನಿ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ.”

“ಅಯ್ಯೋ, ತಡ ಆಗೋಯ್ತೇನೇ?”

“ಇಲ್ಲಕ್ಕ. ಇನ್ನೂ ಟೈಮಿದೆ.”

ಆಮೇಲೆ ನನ್ನ ಡ್ರಾಯರಿನಲ್ಲಿದ್ದ ಹೆಸರಿನ ಪಟ್ಟಿ ತೆಗೆದೆ. ನಾನು ಮೊದಲು ‘ಕೆಂಪು’ ಬರೆದದ್ದು ಹತ್ತೊಂಬತ್ತನೇ ನಂಬರಿಗೆ, ಎರಡು ವರ್ಷದ ಹಿಂದೆ. ಅವರು ಲಾರಿ ಡ್ರೈವರು. ಫೋನ್ ಎತ್ತಿದ್ದು ಅವರ ಹೆಂಡತಿ.

“ಅವ್ರು ಡಯಾಲಿಸಿಸ್‌ಗೆ ಹೋಗಿದಾರಮ್ಮ, ವಾರಕ್ಕೆ ಮೂರು ದಿನ. ಯಾರು ನೀವು?”

ಹೇಳಿದೆ.

“ಓ, ನೀವಾ! ಸ್ವಲ್ಪಾನೂ ನೋವಾಗ್ದಂಗೆ ರಕ್ತ ತೆಗೆದ್ರು ಅಂತ ಇವತ್ತಿಗೂ ಹೊಗಳ್ತಾರೆ. ಅದ್ಯಾಕೋ ಕೆಟ್ಟೋಯ್ತು ಅಂತ ಕಾಗದ ಬಂದಿತ್ತಲ್ಲ, ಪಾಪ, ನಿಮ್ಮ ಕೆಲ್ಸ ಹಾಳಾಯ್ತು ಅಂತ ಬೇಜಾರು ಮಾಡ್ಕೊಂಡಿದ್ರು. ಬೇಕಿದ್ರೆ ಹೇಳಿ, ಇನ್ನೊಂದ್ಸಲ ಬಂದು ಕೊಡ್ತಾರೆ.”