ಪೂಜೆಗಿಟ್ಟ ಅಯಸ್ಕಾಂತ

ಹೆಬ್ಬಾಳದ ಆ ಬೋಲ್ಟು ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸಿ ರಾಮಯ್ಯ ಸಹಿ ಹಾಕಿದ ಮೇಲೆ ಮತ್ತೊಬ್ಬರು ನೋಡುವ ಪದ್ಧತಿಯೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ಬೆವರು ಸುರಿಸಿ ಸಂಪಾದಿಸಿದ ಹೆಸರು ಅದು. ಈ ಸಲ ನೌಕಾಪಡೆಯ ಹಡಗಿಗೆ ಬೋಲ್ಟುಗಳು ತಯಾರಾಗಿದ್ದವು. ಅಯಸ್ಕಾಂತಕ್ಕೆ ಅಂಟದ ಸ್ಟೀಲೇ ಆಗಬೇಕೆಂಬುದು ಷರತ್ತು. ಅದೇ ಲೇತಿನಲ್ಲಿ ಮಾಮೂಲಿ ಸ್ಟೀಲಿನ ಬೋಲ್ಟೂ ತಯಾರಾಗುತ್ತಿತ್ತು, ಕಣ್ಣಿಗೆ ಎರಡೂ ಒಂದೇ. ಬೆಳ್ಳಗಿರುವುದೆಲ್ಲ ಹಾಲಲ್ಲವಲ್ಲ! ರಾಮಯ್ಯ ಒಂದೊಂದನ್ನೂ ಅಯಸ್ಕಾಂತಕ್ಕೆ ತಾಗಿಸಿಯೇ ಡಬ್ಬಿಗೆ ಹಾಕುತ್ತಿದ್ದರು.

ಆಯುಧಪೂಜೆಯ ದಿನ ಸ್ಪ್ಯಾನರುಗಳ ಜೊತೆ ಆ ಅಯಸ್ಕಾಂತವೂ ಕುಂಕುಮ ಹಚ್ಚಿಸಿಕೊಂಡು ಪೂಜೆಗೆ ಕೂತಿತು. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಹಾಳಾದ ಲಾರಿ ಒಂದು ದಿನ ಮುಂಚೆಯೇ, ಅದೇ ಮಧ್ಯಾಹ್ನ ಬಂದು ನಿಂತಿತು. ಕೊನೆಯ ಡಬ್ಬಿಯ ಪರೀಕ್ಷೆ ಇನ್ನೂ ಬಾಕಿ. ಲಾರಿ ಕಾಯಿಸಲು ಸಂಕೋಚ, ಪೂಜೆ ಕೆಡಿಸಲು ಭಯ. ರಾಮಯ್ಯ ಇನ್ನೂರು ಬೋಲ್ಟುಗಳನ್ನು ಬರಿಗಣ್ಣಲ್ಲಿ ನೋಡಿ ಸಹಿ ಹಾಕಿಬಿಟ್ಟರು.

ವಾರದ ನಂತರ ನೌಕಾಪಡೆಯ ಎಂಜಿನಿಯರ್ ಸೌಮ್ಯಶ್ರೀ ಕಾರ್ಖಾನೆ ನೋಡಲು ಬಂದರು. ಇದೇ ಊರಿನ ಒಂಟಿಕೊಪ್ಪಲಿನ ಹೆಣ್ಣುಮಗಳು, ಮಾತಿಗೆ ಸಿಕ್ಕುವವರು.

"ಹಡಗಿಗೆ ಕಬ್ಬಿಣ ಆಗಲ್ಲ ಅಂದ್ರೆ ಎಂಗೆ ಮೇಡಂ?" ಎಂದರು ರಾಮಯ್ಯ.

"ಬೇರೆ ಹಡಗುಗಳು ನೀರೊಳಗಿನ ಬಾಂಬು ಕಂಡ್ರೆ ದೂರ ಹೋಗುತ್ವೆ. ಇದು ಅದನ್ನ ಹುಡುಕ್ಕೊಂಡೇ ಹೋಗೋದು ಕಣ್ರೀ. ಸಮುದ್ರದ ತಳದಲ್ಲಿ ಕೂತಿರೋ ಬಾಂಬಿಗೆ ಮೇಲೆ ಕಬ್ಬಿಣ ಹಾದ್ರೆ ಗೊತ್ತಾಗ್ಬಿಡುತ್ತೆ, ಸಿಡಿಯುತ್ತೆ. ಅದಕ್ಕೇ ಹಡಗಿನ ಮೈಯೆಲ್ಲ ಫೈಬರ್. ಸದ್ದು ನೀರಿಗೆ ಇಳೀಬಾರ್ದು ಅಂತ ಎಂಜಿನ್ನನ್ನೂ ರಬ್ಬರ್ ಮೇಲೆ ಕೂರಿಸ್ತೀವಿ. ಬಾಂಬು ಪತ್ತೆಯಾದ್ಮೇಲೆ, ಆಳಿಲ್ಲದ ಪುಟ್ಟ ಯಂತ್ರ ಇಳಿಸಿ ಒಡೀತೀವಿ. ನಿಮ್ಮ ಒಂದೊಂದು ಬೋಲ್ಟೂ ಲೆಕ್ಕಕ್ಕೆ ಬರುತ್ತೆ."

"ಎಷ್ಟು ಜನ ಇರ್ತಾರೆ ಅದ್ರಲ್ಲಿ?"

"ಐವತ್ತರ ಹತ್ತಿರ."

ರಾಮಯ್ಯ ಮಾಲೀಕ ಮಾಧವರನ್ನು ಪಕ್ಕಕ್ಕೆ ಕರೆದು ಕೊನೆಯ ಡಬ್ಬಿಯ ಸಂಗತಿ ಹೇಳಿದರು. ಮಾಧವರ ಮುಖ ಕಪ್ಪಿಟ್ಟಿತು.

"ಯಾರಿಗೂ ಗೊತ್ತಿಲ್ವಲ್ಲ, ಸುಮ್ನಿರಿ. ಬಾಯಿ ಬಿಟ್ರೆ ನಾಳೆಯಿಂದ ನಿಮ್ಮ ಸಹಿ ಯಾರೂ ನಂಬಲ್ಲ."

"ನಂಗೆ ಗೊತ್ತಲ್ಲ ಸಾರ್," ಎಂದ ರಾಮಯ್ಯ ಸೀದಾ ಹೋಗಿ ಸೌಮ್ಯಶ್ರೀಗೆ ಎಲ್ಲ ಒಪ್ಪಿಸಿದರು. ಆಕೆ ಬೈಯಲಿಲ್ಲ. ಹಡಗು ಕಟ್ಟುವಲ್ಲಿಗೆ ಫೋನು ಮಾಡಿ, ಡಬ್ಬಿಯನ್ನು ತೆರೆಯದೆ ವಾಪಸ್ ಕಳಿಸಲು ಹೇಳಿದರು. ಮಾಧವರು ಸಹಿಯ ಕೆಲಸ ಬಿಡಿಸಿ ರಾಮಯ್ಯನವರನ್ನು ಅಂದಿನಿಂದ ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ನೋಡಿದವರೆಲ್ಲ ಗುಸುಗುಸು ಅಂದರು. ರಾತ್ರಿಯೆಲ್ಲ ನಿದ್ದೆಯಿಲ್ಲ, ಕಣ್ಣು ಮುಚ್ಚಿದರೆ ಮುಖ ಕಾಣದ ಐವತ್ತು ಜನ.

ಡಬ್ಬಿ ಬಂದ ದಿನ ಸೌಮ್ಯಶ್ರೀಯೇ ಪರೀಕ್ಷೆಗೆ ಕೂತರು. ರಾಮಯ್ಯ ಕೈಕಟ್ಟಿ ನಿಂತೇ ಇದ್ದರು. ನೂರಾಯಿತು, ನೂರೈವತ್ತಾಯಿತು. ಇನ್ನೂರನೆಯದೂ ಅಂಟಲಿಲ್ಲ.

"ನೋಡಿದ್ರಾ? ಎಲ್ಲ ಸರಿಯಾಗೇ ಇತ್ತು," ಮಾಧವರು ಹಲ್ಲು ಕಚ್ಚಿ ಹೇಳಿದರು. "ಇಪ್ಪತ್ತೆಂಟು ವರ್ಷದ ಹೆಸ್ರು ಸುಮ್ಸುಮ್ನೆ ಕಳ್ಕೊಂಡ್ರಿ."

ರಾಮಯ್ಯ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರು.

"ಹೆಸ್ರು ಹೋದ್ರೆ ಹೋಗ್ಲಿ ಬುಡಿ ಸಾರ್. ಒಂದೂ ಅಂಟ್ಲಿಲ್ವಲ್ಲ... ಒಂದೂ ಅಂಟ್ಲಿಲ್ವಲ್ಲ."