ಅಳಿಸದ ಸಾಲು

"ಈ ಸಂದೇಶವನ್ನು ಅಳಿಸಲಾಗಿದೆ" ಎಂಬ ಸಾಲು ಆ ಬೆಳಿಗ್ಗೆ ಫೋನಿನಲ್ಲಿ ನಾಲ್ಕನೆಯ ಸಲ ಮೂಡಿದಾಗ ನರ್ಸಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡಳು. ನಾಲ್ಕೂ ಹೊಸದಾಗಿ ಸೇರಿದ ಬಸ್ ಕಂಡಕ್ಟರನವು. ಜೇನು ಸಾಕುವವರ ಆ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಜನ. ನಿವೃತ್ತಳಾದ ಮೇಲೆ ಹೊಸಬರನ್ನು ಕೈಹಿಡಿದು ನಡೆಸುವ ಹೊಣೆಯನ್ನು ಆಕೆಯೇ ಹೊತ್ತುಕೊಂಡಿದ್ದಳು. ಎಷ್ಟು ಪೆಟ್ಟಿಗೆ, ಯಾವಾಗಿನಿಂದ ತೊಂದರೆ, ಜೊತೆಗೊಂದು ಫೋಟೊ. ಇಷ್ಟು ಹಾಕಿದರೆ ಉತ್ತರ ಸಿಕ್ಕೇ ಸಿಗುತ್ತದೆ ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದಳು.

ಆ ಸಾಲಿನ ಕೆಳಗೆ ಗುಂಪಿನ ಹಳೆಯ ಸದಸ್ಯನಾದ ಬಡಗಿ ಆಗಲೇ ಕಾಲೆಳೆದಿದ್ದ: "ಕಂಡಕ್ಟರ್ ಸಾಹೇಬ್ರು ಟಿಕೆಟ್ ಕೊಡ್ತಾರೆ, ವಾಪಸ್ ಕಿತ್ಕೊಳ್ತಾರೆ."

ನರ್ಸಮ್ಮ ಕಂಡಕ್ಟರನಿಗೇ ಫೋನು ಮಾಡಿದಳು.

"ಅಕ್ಕಾ, ಇರೋದೇ ಮೂರು ಪೆಟ್ಟಿಗೆ. ಜೇನು ಬಿಟ್ಟುಹೋಗಿ ಎರಡು ಖಾಲಿಯಾದ್ವು. ಮೂರನೇದೂ ಇವತ್ತೋ ನಾಳೆನೋ. ನೀವೇ ಏನಾದ್ರೂ ಹೇಳಿಬಿಡಿ."

"ನನಗೆ ಗೊತ್ತಿರೋದು ಅಷ್ಟಕ್ಕಷ್ಟೇ ಕಣಪ್ಪ. ಅಲ್ಲಿ ಮುನ್ನೂರು ತಲೆ ಇದೆ, ಅಲ್ಲೇ ಕೇಳು. ದಿನವಿಡೀ ಬಸ್ಸಲ್ಲಿ ಗಂಟಲು ಹರ್ಕೊಳ್ಳೋನಿಗೆ ನಾಚಿಕೆನಾ?"

"ಬಾಯಲ್ಲಿ ಅಂದಿದ್ದು ಗಾಳೀಲಿ ಹೋಗುತ್ತೆ ಅಕ್ಕಾ, ಬರೆದಿದ್ದು ಅಲ್ಲೇ ಕೂತಿರುತ್ತೆ. ಹೋದ ವಾರ ನೀವೇ ತಿದ್ದಿದ್ರಲ್ಲ, ಹುಲ ಅಲ್ಲ ಹುಳ ಅಂತ. ಎಲ್ರೂ ನಕ್ರು. ಇದೊಂದು ಪೆಟ್ಟಿಗೆನೂ ಹೋದ್ರೆ ಗುಂಪೂ ಬೇಡ, ಜೇನೂ ಬೇಡ."

ಆಕೆಗೆ ನೆನಪಾಯಿತು. ಪಕ್ಕದಲ್ಲೊಂದು ನಗುಮುಖವನ್ನೂ ಅಂಟಿಸಿದ್ದಳು. ಮೂವತ್ತು ವರ್ಷ ಇಂಜೆಕ್ಷನ್ ಕೊಟ್ಟ ಕೈ ಅದು. ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಆಸ್ಪತ್ರೆಗೆಲ್ಲ ಹೆಸರು.

"ಫೋನಿಡು. ಗುಂಪು ನೋಡ್ತಿರು."

ಆಕೆ ಒಂದೊಂದೇ ಅಕ್ಷರ ಒತ್ತಿದಳು: "ನನ್ನ ಪೆಟ್ಟಿಗೆಯ ಹುಲ ಚೆನ್ನಾಗಿವೆ. ನಿಮ್ಮ ಹುಲ ಹೇಗಿವೆ?"

ಬಡಗಿ ಬಿಡುತ್ತಾನೆಯೇ? "ನರ್ಸಮ್ಮ, ಹುಲ ಅಲ್ಲ, ಹುಳ. ಕನ್ನಡಕ ಎಲ್ಲಿಟ್ರಿ?" ಹಿಂದೆಯೇ ಇಪ್ಪತ್ತು ನಗುಮುಖ ಬಂದವು. ನರ್ಸಮ್ಮ ಅಳಿಸಲೂ ಇಲ್ಲ, ತಿದ್ದಲೂ ಇಲ್ಲ. ಹೋಗಿ ಉಳಿದ ಬಟ್ಟೆ ಹಿಂಡಿದಳು.

ಹಗ್ಗದ ಮೇಲೆ ಕೊನೆಯ ಹೊದಿಕೆ ಹರವುವಷ್ಟರಲ್ಲಿ ಕಂಡಕ್ಟರ್ ಬರೆದಿದ್ದ. ಮೂರು ಪೆಟ್ಟಿಗೆ, ಎಂಟು ದಿನದಿಂದ, ಒಂದು ಫೋಟೊ. ಮೊದಲ ಉತ್ತರ ಬಡಗಿಯದೇ: "ಗೂಡಲ್ಲಿ ಬಿಳಿ ಬಲೆ ಕಾಣ್ತಿದೆ ನೋಡಿ, ಅದು ಮೇಣ ತಿನ್ನೋ ಹುಳು. ಬಲೆ ಹಿಡಿದ ಭಾಗ ಕಿತ್ತು ಸುಡಿ, ತಳ ಕೆರೆದು ಒರೆಸಿ. ಬಾಗಿಲಿಗೆ ರಾಣಿ ದಾಟದಂಥ ಜಾಲರಿ ಬೇಕು, ರಾಣಿ ಹೋಗದಿದ್ರೆ ಉಳಿದವೂ ಬಿಟ್ಟುಹೋಗಲ್ಲ. ನನ್ನ ಹತ್ರ ಒಂದಿದೆ, ಸಂಜೆ ನಿಮ್ಮ ಬಸ್ಸಿಗೇ ತಂದುಕೊಡ್ತೀನಿ. ಟಿಕೆಟ್ ಮಾತ್ರ ಕೇಳಬೇಡಿ."

ವಾರ ಕಳೆದು ಒಂದು ಬೆಳಿಗ್ಗೆ ಫೋಟೊ ಬಂತು. ಕಾಲಿಗೆ ಹಳದಿ ಪರಾಗ ಅಂಟಿಸಿಕೊಂಡು ಪೆಟ್ಟಿಗೆಯೊಳಗೆ ನುಗ್ಗುತ್ತಿದ್ದ ಜೇನುಗಳು, ಮೂಲೆಯಲ್ಲಿ ಕಂಡಕ್ಟರನ ಅರ್ಧ ಹೆಬ್ಬೆರಳು. ಕೆಳಗೆ ಬರೆದಿತ್ತು: "ಹುಲ ಒಳಗೇ ಇವೆ."

ಇದನ್ನೂ ಅಳಿಸುತ್ತಾನೇನೋ ಎಂದು ನರ್ಸಮ್ಮ ಫೋನು ಹಿಡಿದು ಕಾದಳು. ಬಕೆಟ್ಟಿನಲ್ಲಿ ನೊರೆ ಒಂದೊಂದೇ ಒಡೆದು ನೀರು ತಿಳಿಯಾಯಿತು. ಸಾಲು ಅಲ್ಲೇ ಕೂತಿತ್ತು.