ಹರಿಣಕ್ಕನ ವಾಕಿಟಾಕಿ

ನನ್ನನ್ನು ಕಂಡವರು ಮೊದಲು ಹಳೇ ಮೊಬೈಲ್ ಎಂದುಕೊಳ್ಳುತ್ತಾರೆ, ಆಮೇಲೆ ಪೊಲೀಸರದ್ದಿರಬೇಕು ಎಂದು ದೂರ ಸರಿಯುತ್ತಾರೆ. ಎರಡೂ ಅಲ್ಲ, ನಾನೊಂದು ವಾಕಿಟಾಕಿ. ಕರಿ ಮೈ, ಮೋಟು ಆಂಟೆನಾ, ಪಕ್ಕದಲ್ಲೊಂದು ಗುಂಡಿ. ಗುಂಡಿ ಒತ್ತಿ ಮಾತಾಡಿದರೆ ನಿಮ್ಮ ಮಾತು ನನ್ನ ಜೊತೆಗಾರನಿಗೆ ಹೋಗುತ್ತದೆ, ಬಿಟ್ಟರೆ ಅವನ ಕಡೆಯ ಮಾತು ನನ್ನಲ್ಲಿ ಕೇಳಿಸುತ್ತದೆ. ನನ್ನದೇ ಒಂದು ಮಾತು ಹೇಳೋಣವೆಂದರೆ ಅದಕ್ಕೆ ದಾರಿಯಿಲ್ಲ. ಹಾಗಾದರೆ ಇದನ್ನೆಲ್ಲ ಹೇಗೆ ಹೇಳುತ್ತಿದ್ದೀ ಎಂದು ಕೇಳಬೇಡಿ. ಕಥೆಯೊಳಗೆ ಅಷ್ಟು ರಿಯಾಯಿತಿ ಕೊಡಬೇಕು.

ನಾನೂ ನನ್ನ ಜೊತೆಗಾರನೂ ಹುಟ್ಟಿದ್ದು ಯಾವುದೋ ದೂರದೇಶದ ಕಾರ್ಖಾನೆಯಲ್ಲಿ. ಒಂದೇ ಡಬ್ಬಿಯಲ್ಲಿ ಮಲಗಿ ಮಂಗಳೂರಿಗೆ ಬಂದೆವು. ಮೊದಲ ಕೆಲಸ ಕದ್ರಿಯ ಹತ್ತಿರ ಏಳುತ್ತಿದ್ದ ದೊಡ್ಡ ಕಟ್ಟಡದಲ್ಲಿ. ಅವನು ಮೇಲೆ ಕ್ರೇನಿನವನ ಬಳಿ, ನಾನು ಕೆಳಗೆ ಮೇಸ್ತ್ರಿಯ ಸೊಂಟದಲ್ಲಿ. ‘ಎತ್ತು, ಇಳಿಸು, ನಿಲ್ಸು’ ಬಿಟ್ಟರೆ ಬೇರೆ ಮಾತಿಲ್ಲ. ಮಾತು ಸಾಗಿಸುವ ಯಂತ್ರಕ್ಕೂ ಬೇಜಾರಾಗುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲಿ.

ಕಟ್ಟಡ ಮುಗಿದಾಗ ಅದರ ಉದ್ಘಾಟನೆಯ ಕಾರ್ಯಕ್ರಮ ನಡೆಸಿಕೊಡಲು ಬಂದವಳು ಹರಿಣಾಕ್ಷಿ ಕರ್ಕೇರ. ಊರಿಗೆಲ್ಲ ಹರಿಣಕ್ಕ. ಮದುವೆಯ ಮೆಹಂದಿ, ಶಾಲಾ ವಾರ್ಷಿಕೋತ್ಸವ, ಪುಸ್ತಕ ಬಿಡುಗಡೆ, ಸನ್ಮಾನ, ಯಾವ ಕಾರ್ಯಕ್ರಮವಾದರೂ ಆಕೆ ಕೈ ಹಾಕಿದರೆ ಅದರ ಚಂದವೇ ಬೇರೆ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ನಮ್ಮಿಬ್ಬರನ್ನು ಕಂಡು, “ಇದು ನಿಮಗೆ ಇನ್ನು ಎಂತಕ್ಕೆ? ನನಗಿರ್ಲಿ” ಎಂದು ಕೇಳಿ ಚೀಲಕ್ಕೆ ಹಾಕಿಕೊಂಡಳು. ಬಿಲ್ಡರು ಹೂಂ ಅನ್ನುವುದರೊಳಗೆ ನಾವು ಗೇಟು ದಾಟಿದ್ದೆವು.

ನಾನು ಹರಿಣಕ್ಕನ ಎಡಗೈ ಸೇರಿದೆ. ಜೊತೆಗಾರ ಸ್ಟ್ಯಾನಿಯ ಪಾಲಾದ. ಸ್ಟ್ಯಾನಿ ಪಿಂಟೋ ಆಕೆಯ ಲೈಟು ಮತ್ತು ಸೌಂಡಿನ ಮನುಷ್ಯ. ಸಭಾಭವನದ ಹಿಂದುಗಡೆ ಮಿಕ್ಸರಿನ ಮುಂದೆ ಕೂತರೆ ಊಟಕ್ಕೂ ಏಳದವನು. ಅವರಿಬ್ಬರ ಮಾತಿನಲ್ಲಿ ತುಳು, ಕೊಂಕಣಿ, ಕನ್ನಡ ಎಲ್ಲ ಕಲಸಿಹೋಗುತ್ತಿತ್ತು. ನಿಮಗಾಗಿ ನಾನು ಕನ್ನಡದಲ್ಲೇ ಹೇಳುತ್ತೇನೆ.

ಆ ಹೆಂಗಸಿನ ಕಾಲಿಗೆ ಚಕ್ರವಿತ್ತು. ಒಮ್ಮೆ ಕಡಲತಡಿಯಲ್ಲಿ ದೊಡ್ಡ ಸಮಾರಂಭ. ಗಾಳಿಗೆ ದೀಪ ಹತ್ತುತ್ತಿಲ್ಲ. ಅತಿಥಿಗಳು ಕಡ್ಡಿಪೆಟ್ಟಿಗೆ ಖಾಲಿ ಮಾಡಿ ಬೆವರುತ್ತಿದ್ದಾರೆ. ಹರಿಣಕ್ಕ ಪ್ರೇಕ್ಷಕರಿಂದ ಬಣ್ಣಬಣ್ಣದ ಕೊಡೆಗಳನ್ನು ಕೇಳಿ ತಂದು, ಒಬ್ಬೊಬ್ಬ ಗಣ್ಯರ ಕೈಗೂ ಒಂದೊಂದು ಕೊಟ್ಟು, ದೀಪದ ಸುತ್ತ ನಿಲ್ಲಿಸಿಬಿಟ್ಟಳು. ದೀಪ ಹತ್ತಿತು. ಮರುದಿನದ ಪತ್ರಿಕೆಗಳಲ್ಲಿ ಅದೇ ಫೋಟೋ. ಮೀನು ಮಾರುವ ಹೆಂಗಸರ ಸಂಘದ ಹಬ್ಬದಲ್ಲಿ ಅವರ ಬುಟ್ಟಿಗಳೊಳಗೇ ದೀಪ ಇಟ್ಟು, ತಲೆಯ ಮೇಲೆ ಹೊರಿಸಿ ವೇದಿಕೆ ಹತ್ತಿಸಿದಳು. ಅವತ್ತು ಮುಂದಿನ ಸಾಲಿನಲ್ಲಿ ಕೂತಿದ್ದ ಆಕೆಯ ತಾಯಿ ಗುಲಾಬಿಯಮ್ಮ ಕಣ್ಣೊರೆಸಿಕೊಂಡರು. ಅವರೂ ಆ ಬುಟ್ಟಿ ಹೊತ್ತೇ ಮಕ್ಕಳನ್ನು ಸಾಕಿದವರು.

ಭಾಷಣ ಎಳೆಯುವವರಿಗೆ ಆಕೆಯದ್ದೊಂದು ಮದ್ದಿತ್ತು. “ಸ್ಟ್ಯಾನಿ, ಸ್ವಲ್ಪ ಸ್ವಲ್ಪವೇ ಇಳಿಸು ಮಾರಾಯ” ಎಂದು ನನ್ನಲ್ಲಿ ಪಿಸುಗುಟ್ಟಿದರೆ ಮೈಕಿನ ದನಿ ಮೆಲ್ಲಗೆ ಸಣ್ಣದಾಗುತ್ತಿತ್ತು. ತಮಗೇ ಸುಸ್ತಾಯಿತೆಂದುಕೊಂಡು ಭಾಷಣಕಾರರು ಕೂರುತ್ತಿದ್ದರು.

ಚೆಂಡೆ, ಬ್ಯಾಂಡುಗಳ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಅದಕ್ಕೂ ಆಕೆ ಉಪಾಯ ಮಾಡಿದಳು. ಮಾತಾಡದೆ ಗುಂಡಿಯನ್ನಷ್ಟೇ ಒತ್ತಿ ಬಿಟ್ಟರೆ ಆ ಕಡೆ ‘ಟಿಕ್’ ಎನ್ನುತ್ತದೆ. ಒಂದು ಟಿಕ್ ಎಂದರೆ ‘ಕೇಳಿಸಿತು’. ಎರಡು ಟಿಕ್ ಎಂದರೆ ‘ಬಿಡು’, ಅಂದರೆ ಮುಂದಿನ ಐಟಂ ಶುರು ಮಾಡು. ಬೇರೆ ತಂಡದವರು ಕೂಗಾಡಿ ಗಂಟಲು ಹರಿದುಕೊಳ್ಳುವಾಗ ನಮ್ಮವರು ಬೆರಳಲ್ಲೇ ಕಾರ್ಯಕ್ರಮ ನಡೆಸುತ್ತಿದ್ದರು. ಅದು ನಮಗೊಂದು ಜಂಬದ ವಿಷಯವಾಗಿತ್ತು.

ಆ ಸಂಜೆ ಒಂದು ನೃತ್ಯಶಾಲೆಯ ವಾರ್ಷಿಕೋತ್ಸವ. ಕೊನೆಯ ನೃತ್ಯ ಹರಿಣಕ್ಕನದೇ ಕಲ್ಪನೆ: ವೇದಿಕೆ ತುಂಬ ನೀಲಿ ಬಟ್ಟೆಯ ಕಡಲು, ಅದರೊಳಗಿಂದ ಏಳುವ ಮಕ್ಕಳು. ಮಕ್ಕಳನ್ನು ಬಟ್ಟೆಯಡಿ ಕೂರಿಸಿ ಆಕೆ ಪರದೆಯ ಹಿಂದೆ, ಪ್ಲೈವುಡ್ ಹಲಗೆಗಳನ್ನು ಒರಗಿಸಿಟ್ಟ ಕಡೆಗೆ ಹೋದಳು. ಹೊಗೆಯ ಯಂತ್ರದ ಪ್ಲಗ್ ಅಲ್ಲಿತ್ತು. ಬಗ್ಗಿದವಳು ಏಳಲಿಲ್ಲ. ಬಲಗೈ ಬಲಗಾಲು ಒಟ್ಟಿಗೇ ಸೋತು, ಹಲಗೆಗಳ ಹಿಂದೆ ಕುಸಿದಳು. ನಾನು ಎಡಗೈಯಲ್ಲೇ ಇದ್ದೆ.

ಆಕೆ ನನ್ನನ್ನು ಬಾಯಿಯ ಹತ್ತಿರ ತಂದು ಗುಂಡಿ ಒತ್ತಿದಳು. ತುಟಿ ಒಂದು ಪಕ್ಕಕ್ಕೆ ವಾಲಿತ್ತು. ಸ್ಟ್ಯಾನಿಯ ಹೆಸರಿಗಾಗಿ ನಾಲಿಗೆ ಹುಡುಕಾಡಿತು, ಮಾತು ಬರಲಿಲ್ಲ. ಹೆಬ್ಬೆರಳು ಜಾರಿತು. ಕಣ್ಣು ಅಗಲ ಮಾಡಿ, ಇದ್ದ ಬಲವನ್ನೆಲ್ಲ ಕೂಡಿಸಿ ಮತ್ತೊಮ್ಮೆ ಒತ್ತಿದಳು. ಮತ್ತೆ ಜಾರಿತು. ನಾನೇನು ಮಾಡಲಿ? ಮಾತು ಕೊಟ್ಟಿದ್ದರೆ ಮಾತನ್ನೇ ಒಯ್ಯುತ್ತಿದ್ದೆ. ಕೊಟ್ಟದ್ದು ಎರಡು ಟಿಕ್, ಅದನ್ನೇ ಒಯ್ದೆ.

“ಆಯ್ತಕ್ಕ, ಬಿಟ್ಟೆ” ಎಂದ ಸ್ಟ್ಯಾನಿ.

ದೀಪಗಳು ಆರಿದವು, ಹಾಡು ಎದ್ದಿತು, ನೀಲಿ ಕಡಲು ಅಲೆಯಾಡಿತು. ನಾನು ಆಕೆಯ ಕೈಯಿಂದ ಉರುಳಿ ಕಿವಿಯ ಬಳಿ ಬಿದ್ದಿದ್ದೆ. ನಡುವೆ ಸ್ಟ್ಯಾನಿ ಖುಷಿಯಲ್ಲಿ, “ಅಕ್ಕ, ಜನ ಎದ್ದು ನಿಂತಿದ್ದಾರೆ. ನೋಡ್ತಾ ಇದ್ದೀರಲ್ಲ?” ಎಂದ. ಅದನ್ನು ನಾನೇ ಆಕೆಯ ಕಿವಿಗೆ ಹೇಳಬೇಕಾಯಿತು. ಆಕೆ ಕಣ್ಣು ಮಿಟುಕಿಸಿದಳು. ನನ್ನ ಗುಂಡಿ ಅಷ್ಟು ಹತ್ತಿರದಲ್ಲಿತ್ತು, ಆದರೆ ನನಗೆ ನಾನೇ ಅದನ್ನು ಒತ್ತಿಕೊಳ್ಳಲಾಗುವುದಿಲ್ಲ. ಅಂಥ ಹೊತ್ತು ಯಾವ ವಸ್ತುವಿಗೂ ಬರಬಾರದು.

ನೃತ್ಯ ಮುಗಿದರೂ ಎಂದಿನಂತೆ ತಪ್ಪು ತೋರಿಸಲು ಹರಿಣಕ್ಕ ಬರಲಿಲ್ಲವೆಂದಾಗ ಸ್ಟ್ಯಾನಿಗೆ ಅನುಮಾನ ಬಂತು. ಹುಡುಕಿ ಹಲಗೆಗಳ ಹಿಂದೆ ಬಂದವನು ಅಲ್ಲೇ ಮಂಡಿಯೂರಿದ. ಆಸ್ಪತ್ರೆಯಲ್ಲಿ ಡಾಕ್ಟರು, ಸ್ವಲ್ಪ ಬೇಗ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಮತ್ತೆ ಮಾತಾಡದೆಯೇ ಹರಿಣಕ್ಕ ತೀರಿಕೊಂಡಳು.

ಆಸ್ಪತ್ರೆಯ ವರಾಂಡದಲ್ಲಿ ಸ್ಟ್ಯಾನಿ ಅಳುತ್ತ ಹೇಳಿದ್ದು ಇಷ್ಟು: “ಎರಡು ಸಲ ಟಿಕ್ ಅಂತು. ಬಿಡ್ಲಿಕ್ಕೆ ಹೇಳಿದ್ರು ಅಂತ ನಾನು ಬಿಟ್ಟೆ.” ಕೇಳಿದವರು ಅದರ ಅರ್ಧವನ್ನಷ್ಟೇ ಎತ್ತಿಕೊಂಡರು. ಮಾತು ಒಬ್ಬರಿಂದ ಒಬ್ಬರಿಗೆ ಹೋಗಿ ಹೋಗಿ, ಬಿದ್ದಲ್ಲಿಂದಲೇ ಹರಿಣಕ್ಕ ‘ಕಾರ್ಯಕ್ರಮ ನಿಲ್ಲಿಸಬೇಡಿ’ ಎಂದು ಅಪ್ಪಣೆ ಕೊಟ್ಟಳೆಂದಾಯಿತು.

ಉತ್ತರಕ್ರಿಯೆಯ ದಿನ ನಮ್ಮ ಕಡೆಯ ಕ್ರಮದಂತೆ ನುಡಿನಮನ. ಹೂಹಾರದ ಫೋಟೋ, ಅದರ ಪಕ್ಕ ಮೈಕು. ಸೌಂಡು ಮತ್ತೆ ಯಾರದ್ದು, ಸ್ಟ್ಯಾನಿಯದೇ. ನಾನು ಮಿಕ್ಸರಿನ ಪಕ್ಕ ಮೇಜಿನ ಮೇಲಿದ್ದೆ. ಊರಿನ ಒಂದು ಸಂಘದ ಅಧ್ಯಕ್ಷರು ದನಿ ಏರಿಸಿ, “ಪ್ರಾಣ ಹೋಗುವ ಹೊತ್ತಿನಲ್ಲೂ ಪ್ರೇಕ್ಷಕರಿಗೆ ನಿರಾಸೆ ಮಾಡದ ಧೀರೆ” ಎಂದರು. ನುಡಿನಮನದಲ್ಲಿ ಚಪ್ಪಾಳೆ ತಟ್ಟುವ ಕ್ರಮವಿಲ್ಲ, ಆದರೂ ತಟ್ಟಿದರು. ಸ್ಟ್ಯಾನಿಯ ಬೆರಳು ಮೈಕಿನ ದನಿ ಇಳಿಸುವ ಕಡೆಗೆ ಹೋಯಿತು. ಮುಂದಿನ ಸಾಲಿನಲ್ಲಿ ಗುಲಾಬಿಯಮ್ಮ ತಲೆಯೆತ್ತಿ, ಒಂದಕ್ಷರ ಬಿಡದೆ ಕೇಳುತ್ತಿದ್ದರು. ಬೆರಳು ಹಿಂದಕ್ಕೆ ಬಂತು.

ಊಟದ ಹೊತ್ತಿಗೆ ಗುಲಾಬಿಯಮ್ಮ ಅವನ ಬಳಿ ಬಂದರು. “ಸ್ಟ್ಯಾನಿ, ಅವಳು ಹಾಗೆ ಹೇಳಿದ್ದು ಹೌದಾ ಮಗಾ?”

ಅವನು ನನ್ನನ್ನು ನೋಡಿದ. ಆ ಎರಡು ಟಿಕ್ ಆಕೆ ಕರೆದದ್ದೇ ಎಂದು ಅವನಿಗೆ ಅಷ್ಟರಲ್ಲಾಗಲೇ ಅನಿಸಿತ್ತು. ನನ್ನನ್ನು ಮುಂದಿಟ್ಟುಕೊಂಡು, “ನನ್ನನ್ನೇ ಕರೆದದ್ದಲ್ವಾ ಅಕ್ಕ?” ಎಂದು ಒಬ್ಬನೇ ಗೊಣಗಿದ್ದನ್ನು ನಾನು ಕೇಳಿದ್ದೇನೆ. ಆದರೆ ಮಗಳು ಕರೆಯುತ್ತ ಬಿದ್ದಿದ್ದಳು, ಯಾರೂ ಹೋಗಲಿಲ್ಲ ಎಂದು ಈ ತಾಯಿಗೆ ಯಾವ ಬಾಯಲ್ಲಿ ಹೇಳುವುದು?

“ಹೌದಮ್ಮ” ಎಂದ.

“ಹಾಗಾದರೆ ಅದು ನನಗೆ ಬೇಕು. ಅವಳ ಕೊನೆಯ ಮಾತು ಅದರಲ್ಲಿ ಉಂಟು.”

ಹೀಗೆ ನಾನು ಹೊಸಬೆಟ್ಟಿಗೆ, ಗುಲಾಬಿಯಮ್ಮನ ಮಗ-ಸೊಸೆಯ ಮನೆಯ ಶೋಕೇಸಿಗೆ ಬಂದೆ. ಕೊಡುವಾಗ ಸ್ಟ್ಯಾನಿ, ಒತ್ತಿ ಮಾತಾಡುವುದು, ಬಿಟ್ಟು ಕೇಳುವುದು ಎಂದು ಅವರಿಗೆ ಕಲಿಸಿದ್ದ. ಆಮೇಲೆ ನನ್ನ ಬ್ಯಾಟರಿ ಉಬ್ಬಿ ಸತ್ತಿತು. ಅದು ಅವರಿಗೆ ಗೊತ್ತಿಲ್ಲ. ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಾರೆ, ಕೈಮುಗಿಯುವವರೂ ಇದ್ದಾರೆ. ಸ್ಟ್ಯಾನಿ ಈಗ ತಂಡ ನಡೆಸುತ್ತಾನೆ, ಬಾಯಲ್ಲಿ ಹೇಳದೆ ಯಾರೂ ಏನನ್ನೂ ಬಿಡಬಾರದೆಂದು ಕಟ್ಟಪ್ಪಣೆ ಮಾಡಿದ್ದಾನಂತೆ. ಇಲ್ಲಿಗೆ ಬಂದರೆ ನನಗೆ ಬೆನ್ನು ಹಾಕಿಯೇ ಕೂರುತ್ತಾನೆ.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಗುಲಾಬಿಯಮ್ಮ ನನ್ನನ್ನು ಹೊರತೆಗೆದು, ಸೆರಗಿನಲ್ಲಿ ಒರೆಸಿ, ಚಾಪೆಯ ಮೇಲೆ ಕೂತು ಗುಂಡಿ ಒತ್ತಿದರು.

“ಹರಿಣೀ, ಅಮ್ಮ ಮಾತಾಡುದು. ಊರವರೆಲ್ಲ ನಿನ್ನನ್ನು ಹೊಗಳ್ತಾರೆ. ನಾನೂ ಅವರೆದುರು ಹೂಂ ಅಂತೇನೆ. ಆದ್ರೆ ಆ ಒಂದು ಡ್ಯಾನ್ಸು ನಿಂತಿದ್ರೆ ಎಂತ ಆಗ್ತಿತ್ತು ಮಗಾ? ನಿನಗೆ ಆಟವೇ ದೊಡ್ಡದಾಯ್ತಾ? ಅಮ್ಮ ಒಬ್ಬಳು ಇದ್ದಾಳೆ ಅಂತ ನೆನಪಾಗ್ಲಿಲ್ವಾ? ನನಗೆ ಆಗುದಿಲ್ಲ ಬನ್ನಿ ಅಂತ ಯಾರನ್ನಾದ್ರೂ ಒಬ್ಬರನ್ನು ಕರೀಬಾರ್ದಿತ್ತಾ?”

ಕರೆದಿದ್ದಳು ಅಮ್ಮ. ಎರಡು ಸಲ ಕರೆದಿದ್ದಳು. ಹೊತ್ತದ್ದು ನಾನೇ.

ಅವರು ಗುಂಡಿಯಿಂದ ಬೆರಳು ತೆಗೆದು, ನನ್ನನ್ನು ಕಿವಿಗೆ ಒತ್ತಿ ಹಿಡಿದರು. ಸೊಸೆ ಬಂದು ಚಹಾಕ್ಕೆ ಕರೆಯುವವರೆಗೂ ಹಾಗೆಯೇ ಕೇಳುತ್ತ ಕೂತಿದ್ದರು.